ಎದ್ದು ನಿಂತವರ ಆಯ್ಕೆ

ದಕ್ಷಿಣ ಕೊರಿಯಾದಲ್ಲಿ ಪ್ರತಿ ನವೆಂಬರಿನಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ನಡೆಯುತ್ತದೆ. ಅಂದು ಇಂಗ್ಲಿಷ್ ಆಲಿಸುವ ಪರೀಕ್ಷೆಯ ಹೊತ್ತಿಗೆ ದೇಶದಾದ್ಯಂತ ಸುಮಾರು 35 ನಿಮಿಷ ವಿಮಾನಗಳು ಏರುವುದಿಲ್ಲ, ಇಳಿಯುವುದಿಲ್ಲ. ದಿನದ ವ್ಯವಹಾರವೆಲ್ಲ ಕೊರಿಯನ್ ಭಾಷೆಯಲ್ಲೇ ಸಾಗುವ ದೇಶ ಇಂಗ್ಲಿಷಿಗಾಗಿ ಹೀಗೆ ಉಸಿರು ಬಿಗಿಹಿಡಿಯುವುದೇಕೆ?

ಬಯಲಾಟದಲ್ಲಿ ಮುಂದಿನ ಸಾಲಿನವರು ಎದ್ದು ನಿಂತರೆ ಹಿಂದಿನವರೂ ಏಳಲೇಬೇಕು. ಕೊನೆಗೆ ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ, ಕಾಲುನೋವು ಮಾತ್ರ ಎಲ್ಲರಿಗೂ. ಹಾಗೆಂದು ಒಬ್ಬರೇ ಕೂರುವಂತಿಲ್ಲ. ಕೊರಿಯಾದ ಪಾಲಕರು ಮಕ್ಕಳನ್ನು ‘ಹಾಗ್ವಾನ್’ ಎಂಬ ಖಾಸಗಿ ಪಾಠಶಾಲೆಗಳಿಗೆ ಕಳಿಸುವುದೂ ಹೀಗೆಯೇ. ಮಗು ಹಿಂದೆ ಬಿದ್ದೀತೆಂಬ ಭಯದಲ್ಲಿ ಮಾಡಿದ ಆಯ್ಕೆಯನ್ನು ನಾನು ಸ್ವಾತಂತ್ರ್ಯ ಎನ್ನಲಾರೆ. ಇಂಗ್ಲಿಷಿನ ಹುಚ್ಚು ಎಂದು ಹಂಗಿಸಲೂ ಆರೆ.

ಸರ್ಕಾರವೇ ಎಲ್ಲರನ್ನೂ ಕೂರಿಸಬಹುದಲ್ಲ? ಕೊರಿಯಾ ಪ್ರಯತ್ನಿಸಿತು. ಅಲ್ಲಿ ಪಠ್ಯದಲ್ಲಿ ಇಂಗ್ಲಿಷ್ ಇರುವುದು ಮೂರನೇ ತರಗತಿಯಿಂದ. 2018ರಲ್ಲಿ ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲೇ ಸಂಜೆ ನಡೆಯುತ್ತಿದ್ದ ಇಂಗ್ಲಿಷ್ ಪಾಠಗಳನ್ನು ನಿಷೇಧಿಸಲಾಯಿತು. ಹಾಗ್ವಾನ್‌ಗಳು ಮಾತ್ರ ತೆರೆದೇ ಇದ್ದವು. ಅಗ್ಗದ ಬಾಗಿಲು ಮುಚ್ಚಿತು, ದುಬಾರಿ ಬಾಗಿಲು ಉಳಿಯಿತು. ಪಾಲಕರ ವಿರೋಧ ಬಲವಾಗಿ 2019ರಲ್ಲಿ ನಿಷೇಧ ತೆರವಾಯಿತು.

ಈ ಕಥೆ ನಮಗೂ ಹೊಸದಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಪಾಲಕರದು ಎಂದು 2014ರಲ್ಲಿ ಕರ್ನಾಟಕದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೆ ಕನ್ನಡ ಮಾಧ್ಯಮದ ಹೊಣೆ ಬಹುಪಾಲು ಸರ್ಕಾರಿ ಶಾಲೆಯ ಮಕ್ಕಳ ಹೆಗಲಿಗೆ ಬಂತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟಾಗ ಹಲವು ಸಾಹಿತಿಗಳು ವಿರೋಧಿಸಿದರು.

ಅವರ ಆತಂಕ ನಿಜವಾದದ್ದೇ. ಮಗು ಮನೆಮಾತಿನಲ್ಲೇ ಚೆನ್ನಾಗಿ ಕಲಿಯುತ್ತದೆ ಎಂದು ನಾನೂ ನಂಬುತ್ತೇನೆ. ಆದರೆ ಪಿಎಚ್‌.ಡಿ. ಮಾಡುತ್ತಿರುವ ನನಗೆ ಇಂಗ್ಲಿಷ್ ಎಷ್ಟು ಬಾಗಿಲು ತೆರೆದಿದೆಯೆಂದು ಗೊತ್ತು. ಆ ಫಲ ಉಂಡ ನಾನು, ಕೂಲಿ ಮಾಡುವವರ ಮಗಳಿಗೆ ‘ನೀನು ಕೂತುಕೋ, ಭಾಷೆ ಉಳಿಯಲಿ’ ಎನ್ನುವುದು ಯಾವ ನ್ಯಾಯ?

ಕೂರಬೇಕಾದವರು ಮೊದಲು ಮುಂದಿನ ಸಾಲಿನವರು. ಕೆಲಸ ಕೊಡುವವರು, ಪದವಿ ಕೊಡುವವರು ಇಂಗ್ಲಿಷನ್ನು ಆ ಕೆಲಸಕ್ಕೆ ಬೇಕಾದಷ್ಟೇ ಕೇಳಲಿ, ಮನುಷ್ಯರ ಯೋಗ್ಯತೆ ಅಳೆಯಲು ಅಲ್ಲ. ಅಲ್ಲಿಯವರೆಗೆ ಆ ಹುಡುಗಿಗೆ ಕನ್ನಡದ ಜೊತೆ ಒಳ್ಳೆಯ ಇಂಗ್ಲಿಷನ್ನೂ ಅವಳ ಊರಿನ ಶಾಲೆಯೇ ಕಲಿಸಬೇಕು.