ಹೊಸ ಉದ್ಯೋಗದ ರಿಯಾಯಿತಿಯೂ ಶ್ರಾವಕನ ಅಚೌರ್ಯವ್ರತವೂ

ಐದು ಅಣುವ್ರತಗಳಲ್ಲಿ ಅಚೌರ್ಯವನ್ನು ಪಾಲಿಸುವುದು ಸುಲಭವೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಪರರ ಮನೆಗೆ ಕನ್ನ ಹಾಕದವನು ಕಳ್ಳನಲ್ಲವಷ್ಟೆ! ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ನೋಡಿದರೆ, ಅವು ಬಹುಮಟ್ಟಿಗೆ ವ್ಯಾಪಾರಿಯನ್ನೇ ಎಚ್ಚರಿಸುವಂಥವು. ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಕೃತಕವಾದುದನ್ನು ನಿಜವೆಂದು ನಂಬಿಸುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು ಇವು ಅಲ್ಲಿ ಸೇರಿವೆ. ಈ ದೃಷ್ಟಿಯಿಂದ ಇಂದಿನ ಒಂದು ತೆರಿಗೆ ರಿಯಾಯಿತಿಯನ್ನು ಪರಿಶೀಲಿಸುವುದು ಉಚಿತವೆನಿಸುತ್ತದೆ.

ಹೊಸದಾಗಿ ಕೆಲಸ ಕೊಡುವ ಉದ್ಯಮಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ನೀಡುವ 80ಜೆಜೆಎಎ ಎಂಬ ವಿಧಿಯು 1998ರಲ್ಲಿ 1961ರ ಕಾಯಿದೆಗೆ ಸೇರಿತು. ಮೊದಲು ಅದರ ವ್ಯಾಪ್ತಿ ಕಿರಿದಾಗಿತ್ತು. 2016ರಲ್ಲಿ ತೆರಿಗೆ ಲೆಕ್ಕಪರಿಶೋಧನೆಗೆ ಒಳಪಡುವ ಎಲ್ಲ ವ್ಯವಹಾರಗಳಿಗೂ ವಿಸ್ತರಿಸಿತು. 2025ರ ಹೊಸ ಆದಾಯ ತೆರಿಗೆ ಕಾಯಿದೆಯೂ ಈ ರಿಯಾಯಿತಿಯನ್ನು ಉಳಿಸಿಕೊಂಡಿದೆ. ಹೊಸ ನೌಕರನ ಸಂಬಳವು ಹೇಗೂ ವೆಚ್ಚವೆಂದು ಲೆಕ್ಕಕ್ಕೆ ಬರುತ್ತದೆ. ಅದರ ಮೇಲೆ ಆ ಸಂಬಳದ ನೂರಕ್ಕೆ 30ರಷ್ಟನ್ನು ಮೂರು ವರ್ಷಗಳ ಕಾಲ ಆದಾಯದಿಂದ ಕಳೆಯಬಹುದು. ನೌಕರನ ಮಾಸಿಕ ಸಂಬಳ 25,000 ರೂಪಾಯಿ ಮೀರಿರಬಾರದು. ಅವನು ಭವಿಷ್ಯನಿಧಿಯ ಸದಸ್ಯನಾಗಿರಬೇಕು. ಸಾಮಾನ್ಯವಾಗಿ ವರ್ಷದಲ್ಲಿ 240 ದಿನ ದುಡಿದಿರಬೇಕು. ಸಂಬಳ ಬ್ಯಾಂಕಿನ ಮೂಲಕವೇ ಸಲ್ಲಬೇಕು. ತಿಂಗಳಿಗೆ 15,000 ರೂಪಾಯಿ ಪಡೆಯುವ ಒಬ್ಬನ ಲೆಕ್ಕದಲ್ಲಿ ವರ್ಷಕ್ಕೆ 54,000 ರೂಪಾಯಿ ಕಳೆಯಬಹುದು. ತೆರಿಗೆಯ ದರ ನೂರಕ್ಕೆ 30 ಇರುವ ಸಂಸ್ಥೆಗೆ ಇದರಿಂದ 16,200 ರೂಪಾಯಿ ಉಳಿಯುತ್ತದೆ.

ಈ 16,200 ರೂಪಾಯಿ ಯಾರದು? ಬೊಕ್ಕಸಕ್ಕೆ ಬರಬೇಕಾಗಿದ್ದ ಹಣವದು, ಎಂದರೆ ಪ್ರಜೆಗಳೆಲ್ಲರದು. ಕೆಲಸವಿಲ್ಲದ ಒಂದು ಮನೆಗೆ ಅನ್ನದ ದಾರಿಯಾಗಲೆಂದು ಸಮಾಜವು ಅದನ್ನು ಉದ್ಯಮಿಯ ಕೈಯಲ್ಲಿ ಬಿಟ್ಟಿದೆ. ಅನ್ನದ ದಾರಿ ತೆರೆಯದೆ ಹಣವನ್ನು ಮಾತ್ರ ಇಟ್ಟುಕೊಂಡರೆ ಅದು ಕೊಡದಿದ್ದುದನ್ನು ತೆಗೆದುಕೊಂಡಂತೆ. ಅದತ್ತಾದಾನವೆಂಬ ಮಾತಿಗೆ ಬೇರೆ ಅರ್ಥವುಂಟೆ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ದೂರದ್ದಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಮಾರುಕಟ್ಟೆ, ಶೀತಲಗೃಹಗಳು, ಬಣ್ಣದ ಸತ್ವ ತೆಗೆಯುವ ಕಾರ್ಖಾನೆಗಳಿವೆ. ರಾಣೆಬೆನ್ನೂರಿನಲ್ಲಿ ಬೀಜದ ವ್ಯವಹಾರವಿದೆ. ಹಾವೇರಿಯಲ್ಲಿ ಅಡತಿ ಅಂಗಡಿಗಳಿವೆ. ಇಂಥ ಕಡೆಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ, ಬೀಜ ಆರಿಸುವ ಹೆಣ್ಣುಮಕ್ಕಳು ಹಲವರು ದಿನಗೂಲಿಯವರು. ಯಾವ ಪುಸ್ತಕದಲ್ಲಿಯೂ ಅವರ ಹೆಸರಿರುವುದಿಲ್ಲ. ಒಬ್ಬ ಮಾಲೀಕನಲ್ಲಿ ಹತ್ತು ವರ್ಷ ದುಡಿದ ಇಂಥ ಒಬ್ಬ ತಾಯಿಯ ಹೆಸರನ್ನು ಈ ವರ್ಷ ಮೊದಲ ಬಾರಿಗೆ ಭವಿಷ್ಯನಿಧಿಗೆ ಸೇರಿಸಿದರೆನ್ನೋಣ. ಕಾಗದದ ಮೇಲೆ ಆಕೆ ಹೊಸಬಳು. ಆಕೆಯನ್ನು ತೋರಿಸಿ ರಿಯಾಯಿತಿ ಪಡೆಯುವುದು ಧರ್ಮವೆ?

ಪಡೆಯಬಹುದೆನ್ನುವವರ ವಾದವೂ ತಳ್ಳಿಹಾಕುವಂಥದಲ್ಲ. ರಿಯಾಯಿತಿಯ ಆಸೆಯಿಂದಲಾದರೂ ಆಕೆಯ ಹೆಸರು ದಾಖಲಾಯಿತು, ಮುಪ್ಪಿನಲ್ಲಿ ನಾಲ್ಕು ಕಾಸು ಆಕೆಯ ಕೈ ಸೇರುತ್ತದೆ. ಫಲ ಒಳ್ಳೆಯದಾದ ಮೇಲೆ ಆಕ್ಷೇಪವೇಕೆ ಎಂದು ಅವರು ಕೇಳುತ್ತಾರೆ. ಆದರೆ ಕಾಯಿದೆ ಕೇಳುವುದು ದುಡಿಯುವವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಹೆಚ್ಚಿತೇ ಎಂಬುದನ್ನು. ಹಳಬಳನ್ನು ಹೊಸಬಳೆಂದರೆ ಸಂಖ್ಯೆ ಹೆಚ್ಚಲಿಲ್ಲ, ಸುಳ್ಳು ಮಾತ್ರ ಹೆಚ್ಚಿತು. ಅಲ್ಲದೆ, 20 ಮತ್ತು ಹೆಚ್ಚು ಜನ ದುಡಿಯುವ ಸಂಸ್ಥೆಗೆ ಭವಿಷ್ಯನಿಧಿ ಕಡ್ಡಾಯ. ಅಂಥಲ್ಲಿ ಆಕೆಯ ಹೆಸರು ಬರೆಸುವುದು ಮಾಲೀಕನ ಉಪಕಾರವಲ್ಲ, ಹತ್ತು ವರ್ಷ ತಡವಾದ ಸಾಲ. ಸಾಲ ತೀರಿಸಿದವನು ಬಹುಮಾನ ಕೇಳುವುದು ಸಲ್ಲದು. ಆದ್ದರಿಂದ ಆಕೆಯ ಹೆಸರನ್ನು ಬರೆಸಬೇಕು, ರಿಯಾಯಿತಿಯನ್ನು ಬಿಡಬೇಕು. ಎರಡನ್ನೂ ಒಟ್ಟಿಗೆ ಮಾಡುವುದರಲ್ಲಿಯೇ ವ್ರತವಿದೆ.

ಇನ್ನೊಂದು ವಿಷಯವನ್ನೂ ಮರೆಯಬಾರದು. ಮೆಣಸಿನಕಾಯಿಯ ಸುಗ್ಗಿಯಲ್ಲಿ ಮಾತ್ರ ದುಡಿಯುವವರಿಗೆ 240 ದಿನ ತುಂಬುವುದಿಲ್ಲ. ಅವರಿಂದ ಮಾಲೀಕನಿಗೆ ರಿಯಾಯಿತಿಯ ಲಾಭವಿಲ್ಲ. ಲಾಭವಿಲ್ಲವೆಂದು ಕರ್ತವ್ಯವೂ ಇಲ್ಲದಾಗುವುದೆ? ಅಹಿಂಸಾಣುವ್ರತದ ಅತಿಚಾರಗಳಲ್ಲಿ ಶಕ್ತಿಗೆ ಮೀರಿದ ಭಾರ ಹೇರುವುದನ್ನೂ ಅನ್ನಪಾನ ತಡೆಯುವುದನ್ನೂ ಹೇಳಿದೆ. ಸುಗ್ಗಿಯ ಕೂಲಿಯನ್ನು ದಿನ ತಪ್ಪದೆ ಕೊಡುವುದು, ಘಾಟಿನಲ್ಲಿ ಕುಳಿತವರಿಗೆ ನೆರಳು, ನೀರು, ವಿಶ್ರಾಂತಿ ಒದಗಿಸುವುದು ಯಾವ ವಿಧಿಯ ಪ್ರೋತ್ಸಾಹವೂ ಇಲ್ಲದೆ ಆಗಬೇಕಾದ ಕೆಲಸ. ಅಂತೆಯೇ ಮೂರು ವರ್ಷ ಮುಗಿದೊಡನೆ ನೌಕರನನ್ನು ಬಿಡಿಸಿ ಮತ್ತೊಬ್ಬನನ್ನು ತರುವವನು ಕಾಯಿದೆಯ ಮುಂದೆ ಹೇಗೇ ಉತ್ತರಿಸಲಿ, ತನ್ನ ಆತ್ಮಕ್ಕೆ ಉತ್ತರಿಸಲಾರನು.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಇಲ್ಲಿ ವಿಚಾರವಿದೆ. ಶ್ರಾವಕನ ಧನವು ನ್ಯಾಯೋಪಾತ್ತವಾಗಿರಬೇಕೆಂದು, ಎಂದರೆ ನ್ಯಾಯದಿಂದ ಗಳಿಸಿದ್ದಾಗಿರಬೇಕೆಂದು ನಮ್ಮ ಹಿರಿಯರು ವಿಧಿಸಿದರು. ಸುಳ್ಳು ಲೆಕ್ಕದಿಂದ ಉಳಿದ ಹಣ ಜೀರ್ಣೋದ್ಧಾರಕ್ಕೆ ಬಂದರೂ ಅದರ ಮೂಲ ಶುದ್ಧವಾಗುವುದಿಲ್ಲ. ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮುನ್ನ ಮಂಡಳಿಗಳು ತಮ್ಮ ಅರ್ಚಕರು, ಅಡುಗೆಯವರು, ಕಾವಲುಗಾರರ ಸಂಬಳದ ಪುಸ್ತಕವನ್ನೂ ಒಮ್ಮೆ ತೆರೆದು ನೋಡಲಿ.

ರಿಯಾಯಿತಿ ಪಡೆಯುವುದು ದೋಷವಲ್ಲ. ನಿಜವಾಗಿ ಹೊಸ ಮನೆಯೊಂದರ ಒಲೆ ಹೊತ್ತಿಸಿದ ವ್ಯಾಪಾರಿ ಅದನ್ನು ಸಂಕೋಚವಿಲ್ಲದೆ ಪಡೆಯಲಿ. ಆದರೆ ಲೆಕ್ಕಪರಿಶೋಧಕರ ಮುಂದೆ ಸಹಿ ಹಾಕುವ ಮೊದಲು, ಈ ಹೆಸರಿನವರಿಗೆ ಹೋದ ವರ್ಷ ಕೆಲಸವಿರಲಿಲ್ಲ, ಈ ವರ್ಷ ಇದೆ, ಮುಂದೆಯೂ ಇರುವುದು ಎಂದು ತನ್ನಲ್ಲಿಯೇ ಹೇಳಿಕೊಳ್ಳಲಿ. ಹೇಳಲು ನಾಲಿಗೆ ತಡೆದರೆ ಸಹಿಯೂ ನಿಲ್ಲಲಿ.