ಚೀಟಿಯ ದೋಷವೂ ಸತ್ಯಾಣುವ್ರತವೂ

ಮದ್ಯಪಾನ ಮಾಡಿ ವಾಹನ ನಡೆಸಿದನೆಂಬ ಆಪಾದನೆ ಒಬ್ಬ ಶ್ರಾವಕನ ಮೇಲೆ ಬಂದಿದೆಯೆಂದು ಭಾವಿಸೋಣ. ಪೊಲೀಸರು ಆತನಿಗೆ ಕೊಟ್ಟ ಚೀಟಿಯಲ್ಲಿ ತಪ್ಪುಗಳಿವೆ. ವಾಹನದ ಸಂಖ್ಯೆಯಲ್ಲಿ ಒಂದು ಅಂಕಿ ಬದಲಾಗಿದೆ. ರಾತ್ರಿಯ ವೇಳೆ ಬೆಳಗಿನದೆಂದು ನಮೂದಾಗಿದೆ. ತಂದೆಯ ಹೆಸರು ಯಾರದೋ ಆಗಿದೆ. ‘ಈ ಚೀಟಿ ನ್ಯಾಯಾಲಯದಲ್ಲಿ ನಿಲ್ಲಲಾರದು, ಹೋರಾಡೋಣ’ ಎಂದು ಬಲ್ಲವರು ಧೈರ್ಯ ಹೇಳುತ್ತಾರೆ. ಆದರೆ ಆತ ಕುಡಿದಿದ್ದುದು ನಿಜ, ಮತ್ತು ಅದು ಆತನಿಗೆ ಗೊತ್ತು. ಇಂಥವನು ಬರೆದವನ ತಪ್ಪನ್ನು ಹಿಡಿದುಕೊಂಡು ಆಪಾದನೆಯಿಂದ ಪಾರಾಗಬಹುದೆ?

ಶ್ರಾವಕನು ಕುಡಿಯುವುದೆ ಎಂದು ಕೆಲವರು ಹುಬ್ಬೇರಿಸಬಹುದು. ಮದ್ಯ, ಮಾಂಸ, ಮಧುಗಳ ತ್ಯಾಗವು ಅಷ್ಟಮೂಲಗುಣಗಳಲ್ಲಿ ಸೇರಿದ್ದೆಂಬುದು ನಮ್ಮ ಮನೆಯ ಮಕ್ಕಳಿಗೂ ತಿಳಿದ ವಿಷಯ. ತಿಳಿದಿರುವುದು ಬೇರೆ, ನಡೆದುಕೊಳ್ಳುವುದು ಬೇರೆ. ಬಂಗೂರನಗರದಂಥ ಊರಿನಲ್ಲಿ ಈ ಪ್ರಶ್ನೆಯನ್ನು ದೂರದ್ದೆಂದು ಬದಿಗಿಡುವಂತಿಲ್ಲ. 1955ರಲ್ಲಿ ಸ್ಥಾಪನೆಗೊಂಡು 1959ರಲ್ಲಿ ಉತ್ಪಾದನೆಗೆ ತೊಡಗಿದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯ ಆಶ್ರಯದಲ್ಲಿ ಬೆಳೆದ ವಸತಿಯಿದು. ಪಾಳಿ ಮುಗಿಸಿ ಅವೇಳೆಯಲ್ಲಿ ಮನೆಗೆ ಹೊರಡುವವರು ಇಲ್ಲಿ ಸಾಮಾನ್ಯ. ಒಂದು ದಾರಿ ಹಳಿಯಾಳಕ್ಕೆ, ಇನ್ನೊಂದು ಜೋಯಿಡಾ ತಾಲೂಕಿನ ಕಾಡಿನೊಳಗೆ ಸಾಗಿ ಅನಮೋಡದ ಮೂಲಕ ಗೋವೆಗೆ. ಕಾಳಿ ನದಿಯ ವಿಹಾರಕ್ಕೆಂದು ಬರುವ ಪರವೂರವರ ವಾಹನಗಳು ರಜೆಯ ದಿನಗಳಲ್ಲಿ ತುಂಬಿರುತ್ತವೆ. ತಿರುವುಗಳ ದಾರಿ, ಇದ್ದಕ್ಕಿದ್ದಂತೆ ಎದುರಾಗುವ ಕಾಡುಪ್ರಾಣಿ, ದೀಪವಿಲ್ಲದ ಸೈಕಲ್ಲಿನಲ್ಲಿ ಬರುವ ಕೂಲಿಕಾರ. ಮತ್ತನಾದವನು ಇಲ್ಲಿ ಚಕ್ರ ಹಿಡಿದನೆಂದರೆ ಮದ್ಯತ್ಯಾಗದ ಭಂಗವು ಅಹಿಂಸಾಣುವ್ರತದ ಭಂಗವಾಗಿ ಬೆಳೆಯಲು ಒಂದು ನಿಮಿಷ ಸಾಕು. ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಮರೆತವನು ಶಂಕೆಯಿಲ್ಲದೆ ಹಿಂಸೆಯಲ್ಲಿ ತೊಡಗುತ್ತಾನೆ ಎಂಬ ಕ್ರಮವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತೋರಿಸಿಕೊಟ್ಟಿದ್ದಾರೆ. ಮೋಟಾರು ವಾಹನವಿಲ್ಲದ ಕಾಲದ ಆ ಮಾತು ನಮ್ಮ ಕಾಲಕ್ಕೆ ಇನ್ನಷ್ಟು ಹೊಂದುತ್ತದೆ.

ಮೊದಲು ರಾಜಶಾಸನವನ್ನು ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ, ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರುವುದು ಪರೀಕ್ಷೆಯಲ್ಲಿ ಕಂಡುಬಂದರೆ ವಾಹನ ನಡೆಸಿದವನು ಅಪರಾಧಿ. ಮೊದಲ ಸಲದ ಅಪರಾಧಕ್ಕೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ದಂಡವು ಮೊದಲು 2,000 ರೂಪಾಯಿಯವರೆಗೆ ಇದ್ದು, 2019ರ ತಿದ್ದುಪಡಿಯಿಂದ 10,000 ರೂಪಾಯಿಗೆ ಏರಿತು. ದಾರಿಯಲ್ಲಿಯೇ ಹಣ ತೆತ್ತು ಮುಗಿಸಿಕೊಳ್ಳಬಹುದಾದ ಅಪರಾಧಗಳ ಸಾಲಿನಲ್ಲಿ ಇದು ಇಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು. ಈ ಕಲಮಿನಡಿ ವಾರಂಟಿಲ್ಲದೆ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಟ್ಟುಬಿಡಬೇಕೆಂದು ಅದೇ ಕಾಯಿದೆ ಹೇಳುತ್ತದೆ.

ಶಾಸನವು ಬರಹದ ತಪ್ಪುಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಆರೋಪದ ವಿವರಗಳಲ್ಲಿ ತಪ್ಪಿದ್ದರೆ, ಅದರಿಂದ ಆರೋಪಿಯು ದಾರಿತಪ್ಪಿ ನ್ಯಾಯಕ್ಕೆ ಕುಂದುಂಟಾದಾಗ ಮಾತ್ರ ಅದು ಗಣ್ಯ ಎಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ನಿಯಮವಾಗಿತ್ತು. 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ತೀರ್ಪು ಹೇಳುವುದಕ್ಕೆ ಮುಂಚೆ ಯಾವ ಹಂತದಲ್ಲಾದರೂ ಆರೋಪವನ್ನು ತಿದ್ದಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಆದುದರಿಂದ ಒಂದು ಅಂಕಿ ತಪ್ಪಿತೆಂದೊಡನೆ ಪ್ರಕರಣ ಬಿದ್ದುಹೋಗುವುದೆಂಬ ಕಟ್ಟೆಯ ಮೇಲಣ ಪಾಂಡಿತ್ಯವನ್ನು ಪೂರ್ತಿ ನಂಬುವಂತಿಲ್ಲ.

ಆದರೆ ಬೇರೊಂದು ಜಾತಿಯ ದೋಷವಿದೆ. ಅದು ಸತ್ಯವನ್ನೇ ಮುಟ್ಟುವಂಥದು. ಮಹಾರಾಷ್ಟ್ರದಿಂದ ಹೋದ ಒಂದು ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ಹೀಗೆ ನಿರ್ಣಯಿಸಿತು: ಬಾಯಿಂದ ವಾಸನೆ ಬರುತ್ತಿತ್ತು, ನಡೆ ತಡವರಿಸುತ್ತಿತ್ತು, ಮಾತು ಹೊಂದಿಕೆಯಿಲ್ಲದೆ ಇತ್ತು, ಕಣ್ಣಿನ ಪಾಪೆ ಹಿಗ್ಗಿತ್ತು ಎಂಬಷ್ಟರಿಂದಲೇ, ರಕ್ತದ ಅಥವಾ ಮೂತ್ರದ ಪರೀಕ್ಷೆಯಿಲ್ಲದೆ, ಆರೋಪಿಯು ಮತ್ತನಾಗಿದ್ದನೆಂದು ಹೇಳಲಾಗದು. ಇದನ್ನು ಕುಡುಕರ ಪಾಲಿನ ವರವೆಂದು ಹಳಿಯುವವರಿದ್ದಾರೆ. ಕುಡಿಯದವನನ್ನು ಕುರಿತು ಒಮ್ಮೆ ಯೋಚಿಸಿದರೆ ಈ ಹಳಿವು ತಣ್ಣಗಾಗುತ್ತದೆ. ಕಾಯಿಲೆಯಿಂದ ತೊದಲುವವನು, ದಣಿದು ತೂರಾಡುವವನು ಎಷ್ಟು ಮಂದಿ! ಇದೇ ನ್ಯಾಯಾಲಯವು 2021ರಲ್ಲಿ ವಿಮಾ ಸಂಸ್ಥೆಯೊಂದರ ಪ್ರಕರಣದಲ್ಲಿ, ಉಸಿರಿನ ಅಥವಾ ರಕ್ತದ ಪರೀಕ್ಷೆ ನಡೆಯದಿದ್ದರೂ ಕುಡಿದು ನಡೆಸಿದ್ದನ್ನು ಬೇರೆ ಸಾಕ್ಷ್ಯದಿಂದ ಸ್ಥಾಪಿಸಬಹುದೆಂದು ಹೇಳಿತು. ಅದು ಪರಿಹಾರಧನದ ಮಾತು, ಇದು ಸೆರೆವಾಸದ ಮಾತು. ಮನುಷ್ಯನ ಸ್ವಾತಂತ್ರ್ಯವನ್ನು ಕಸಿಯುವಾಗ ಅಳತೆಗೋಲು ಬಿಗಿಯಾಗಿರುವುದು ಯೋಗ್ಯವೇ ಸರಿ.

ಉಪವಾಸದ ವ್ರತವುಳ್ಳ ಮನೆಗಳಿಗೆ ಈ ಬಿಗಿಯು ಇನ್ನೊಂದು ಕಾರಣದಿಂದ ಬೇಕು. ಹಲವು ದಿನ ಅನ್ನ ಬಿಟ್ಟ ದೇಹವು ತನ್ನ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ. ಆಗ ಅಸಿಟೋನ್ ಎಂಬ ದ್ರವ್ಯ ಹುಟ್ಟಿ ಉಸಿರಿನಲ್ಲಿ ಹೊರಬೀಳುತ್ತದೆ. ದೀರ್ಘ ಉಪವಾಸಿಗಳ ಉಸಿರಿಗೆ ಹಣ್ಣು ಕೊಳೆತಂಥ ಒಂದು ವಾಸನೆಯಿರುವುದು ಇದರಿಂದಲೇ. ಅಗ್ಗದ ಉಪಕರಣಗಳಲ್ಲಿರುವ ಅರೆವಾಹಕದ ಗ್ರಾಹಕಗಳು ಇದನ್ನು ಮದ್ಯಸಾರವೆಂದು ಭ್ರಮಿಸಬಹುದು. ಇಂಧನಕೋಶದ ಉಪಕರಣಗಳು ಅಸಿಟೋನಿಗೆ ಮೋಸಹೋಗುವುದಿಲ್ಲ. ಆದರೆ ದೇಹವು ಅದನ್ನು ಐಸೊಪ್ರೊಪನಾಲ್ ಆಗಿ ಮಾರ್ಪಡಿಸಿದಾಗ ಅವೂ ತಪ್ಪು ಹೇಳಬಹುದು. ಅತ್ಯಲ್ಪ ಆಹಾರದ ಪಥ್ಯದಲ್ಲಿದ್ದ, ಮದ್ಯವನ್ನು ಮುಟ್ಟದ ಸ್ವೀಡನ್ನಿನ ಒಬ್ಬ ಮನುಷ್ಯನ ಉಸಿರನ್ನು ಆತನ ವಾಹನದಲ್ಲಿದ್ದ ಉಪಕರಣವು ಕುಡಿದವನ ಉಸಿರೆಂದು ಎಣಿಸಿ ವಾಹನ ಹೊರಡಗೊಡಲಿಲ್ಲವೆಂಬುದು 2007ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಗಿದೆ. ಮದ್ಯಸಾರವಿರುವ ಬಾಯಿಮುಕ್ಕಳಿಸುವ ಔಷಧಿಯೂ ಹೀಗೆಯೇ. ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸಿದರೆ ಬಾಯಲ್ಲುಳಿದುದರ ಪ್ರಭಾವ ಹೋಗಿ ನಿಜ ತಿಳಿಯುತ್ತದೆ. (ಆಸವ, ಅರಿಷ್ಟಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರವಿರುತ್ತದೆ, ಅವು ವ್ರತಿಗೆ ಯೋಗ್ಯವೇ ಎಂಬುದು ಪ್ರತ್ಯೇಕ ಚರ್ಚೆ.)

ದಶಲಕ್ಷಣ ಪರ್ವದ ಹತ್ತು ಉಪವಾಸಗಳನ್ನು ಪೂರೈಸಿ ಬಸದಿಯಿಂದ ಮನೆಗೆ ವಾಹನ ನಡೆಸಿಕೊಂಡು ಹೊರಟ ಸಾಧಕನೊಬ್ಬನನ್ನು ಮದ್ಯಪಾಯಿಯೆಂದು ನಿಲ್ಲಿಸಿದರೆ ಆತ ಸುಮ್ಮನಿರಬೇಕೆ? ಕರ್ಮೋದಯವೆಂದು ಸಹಿಸಿ ದಂಡ ತೆರುವುದು ಕ್ಷಮೆಯೆಂದು ತೋರಬಹುದು. ಆದರೆ ತಾನು ಮಾಡದ್ದನ್ನು ಮಾಡಿದೆನೆಂದು ಒಪ್ಪುವುದೂ ಅಸತ್ಯವೇ. ಆತ ರಕ್ತಪರೀಕ್ಷೆಯನ್ನು ಕೇಳಬೇಕು, ಉಪಕರಣವನ್ನು ಯಾವಾಗ ಒರೆಹಚ್ಚಿದ್ದೆಂದು ಕೇಳಬೇಕು, ಚೀಟಿಯ ಒಂದೊಂದು ಅಕ್ಷರವನ್ನೂ ಪ್ರಶ್ನಿಸಬೇಕು. ಈ ಹೋರಾಟದಲ್ಲಿ ಸತ್ಯಾಣುವ್ರತಕ್ಕೆ ಕುಂದಿಲ್ಲ.

ಇನ್ನು ನಿಜವಾಗಿ ಕುಡಿದವನ ಮಾತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ಕೂಟಲೇಖಕ್ರಿಯೆಯು ನಮ್ಮ ಪ್ರಶ್ನೆಗೆ ನೇರವಾಗಿ ತಗಲುತ್ತದೆ. ಆ ರಾತ್ರಿ ತಾನು ಬೇರೆಲ್ಲಿಯೋ ಇದ್ದೆನೆಂದು ಪತ್ರ ಸೃಷ್ಟಿಸುವುದು, ವೈದ್ಯರಿಂದ ಸುಳ್ಳು ಪ್ರಮಾಣಪತ್ರ ಪಡೆಯುವುದು, ಇವೆಲ್ಲ ಅದರಲ್ಲಿಯೇ ಬಂದವು; ವಿಚಾರ ಬೇಕಿಲ್ಲ. ವಿಚಾರ ಬೇಕಾಗಿರುವುದು ನ್ಯಾಸಾಪಹಾರದ ವಿಷಯದಲ್ಲಿ. ಒಬ್ಬನು ನಿನ್ನಲ್ಲಿ ದ್ರವ್ಯವನ್ನು ಇಟ್ಟಿದ್ದಾನೆ. ಕಾಲಾನಂತರದಲ್ಲಿ ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ‘ಹೌದು, ಅಷ್ಟೇ’ ಎಂದು ನೀನು ಒಪ್ಪಿ ಅಷ್ಟನ್ನೇ ಕೊಟ್ಟುಬಿಡುತ್ತೀಯೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರಕ್ಕೆ ಕೊಟ್ಟಿರುವ ವಿವರಣೆಯ ತಾತ್ಪರ್ಯವಿದು. ತಪ್ಪಿದವನು ಅವನು, ನೀನಲ್ಲ. ಲೆಕ್ಕವನ್ನು ನೀನು ಕೆಡಿಸಲಿಲ್ಲ. ಅವನ ಮರೆವಿಗೆ ತಲೆದೂಗಿದೆ, ಅಷ್ಟೆ. ಹಾಗಿದ್ದೂ ಆಚಾರ್ಯರು ಇದನ್ನು ಅಸ್ತೇಯದ ಅತಿಚಾರಗಳಲ್ಲಿ ಎಣಿಸದೆ ಸತ್ಯದ ಅತಿಚಾರಗಳಲ್ಲಿ ಎಣಿಸಿದರೆಂಬುದನ್ನು ಗಮನಿಸಬೇಕು. ಪರರ ಪ್ರಮಾದವನ್ನು ತನ್ನ ಲಾಭಕ್ಕೆ ಆಧಾರವಾಗಿಸಿಕೊಳ್ಳುವ ಒಪ್ಪಿಗೆಯಲ್ಲಿಯೇ ಅಸತ್ಯದ ಅಂಶ ಕಂಡಿತು ಅವರಿಗೆ.

ಚೀಟಿ ಬರೆದ ಪೊಲೀಸನು ದಣಿದು, ದೀಪದ ಮಂದಬೆಳಕಿನಲ್ಲಿ, ಏಳನ್ನು ಒಂದೆಂದು ಬರೆದಿದ್ದಾನೆ. ‘ಇದು ನನ್ನ ವಾಹನವೇ ಅಲ್ಲ’ ಎಂದು ಆರೋಪಿಯು ನ್ಯಾಯಾಲಯದಲ್ಲಿ ಹೇಳಿದರೆ, ಆ ಮಾತಿಗೂ ‘ಹೌದು, ಅಷ್ಟೇ’ ಎಂಬ ಮಾತಿಗೂ ಇರುವ ದೂರವೆಷ್ಟು? ನನಗಂತೂ ಹೆಚ್ಚು ಕಾಣುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು, ಅದನ್ನು ಹಗುರಾಗಿ ತಳ್ಳಬಾರದು. ನ್ಯಾಸವಿಟ್ಟವನು ನಂಬಿ ಇಟ್ಟವನು. ಸರಕಾರವು ಹಾಗೆ ನಂಬಿ ಬಂದದ್ದಲ್ಲ. ಅದರ ಕೈಯಲ್ಲಿ ಸೆರೆಮನೆಯಿದೆ, ಬರೆಯುವವನಿಗೆ ಸಂಬಳವಿದೆ. ಸರಿಯಾಗಿ ಬರೆಯುವುದು ಅದರ ಹೊಣೆ. ಇಂದು ಅಪರಾಧಿಯ ವಿಷಯದಲ್ಲಿ ಸೋಮಾರಿತನವನ್ನು ಕ್ಷಮಿಸಿದರೆ ನಾಳೆ ನಿರಪರಾಧಿಯ ವಿಷಯದಲ್ಲಿ ಅದೇ ಸೋಮಾರಿತನ ಮರಳಿ ಬರುತ್ತದೆ. ಅಲ್ಲದೆ ತನಗೆ ತಾನೇ ವಿರುದ್ಧ ಸಾಕ್ಷಿಯಾಗುವಂತೆ ಯಾವ ಆರೋಪಿಯನ್ನೂ ಬಲಾತ್ಕರಿಸಕೂಡದೆಂದು ನಮ್ಮ ಸಂವಿಧಾನದ 20ನೆಯ ಅನುಚ್ಛೇದವೇ ಅಭಯ ಕೊಟ್ಟಿದೆ.

ಈ ಮಾತು ಸತ್ಯ. ಆದುದರಿಂದಲೇ ಮೌನಕ್ಕೂ ಅಸತ್ಯಕ್ಕೂ ನಡುವೆ ಗೆರೆ ಎಳೆಯಬೇಕಾಗಿದೆ. ವಿಚಾರಣೆ ನಡೆಯಲಿ ಎಂದು ಕೇಳುವುದು ಸುಳ್ಳಲ್ಲ. ಅದು ಸಂಗತಿಯನ್ನು ಕುರಿತ ಹೇಳಿಕೆಯೇ ಅಲ್ಲ, ಒಂದು ಕೋರಿಕೆ. ಪ್ರಶ್ನೆಗೆ ಉತ್ತರಿಸದೆ ಇರುವುದೂ ಸುಳ್ಳಲ್ಲ. ಆದರೆ ನ್ಯಾಯಾಧೀಶರು ಆರೋಪಿಯನ್ನು ಪ್ರಮಾಣವಚನವಿಲ್ಲದೆ ವಿಚಾರಿಸುವ ಒಂದು ಘಟ್ಟವಿದೆ. ಅಲ್ಲಿ ಆತ ಸುಳ್ಳು ಉತ್ತರ ಕೊಟ್ಟರೂ ಅದಕ್ಕಾಗಿ ಶಿಕ್ಷೆಯಿಲ್ಲವೆಂದು ಶಾಸನವೇ ಹೇಳುತ್ತದೆ. ಶಾಸನವು ಮನುಷ್ಯನ ದೌರ್ಬಲ್ಯಕ್ಕೆ ತೋರಿದ ದಯೆಯಿದು. ವ್ರತವು ಪ್ರಮಾಣವಚನ ಬೋಧಿಸಿದಾಗ ಹುಟ್ಟಿ ಬೋಧಿಸದಾಗ ಇಲ್ಲವಾಗುವ ವಸ್ತುವಲ್ಲವಾದ್ದರಿಂದ, ಶಾಸನ ಬಿಟ್ಟುಕೊಟ್ಟ ಈ ಜಾಗವೇ ವ್ರತಿಯ ನಿಜವಾದ ಪರೀಕ್ಷಾಸ್ಥಾನ. ಅಲ್ಲಿ ‘ನಾನು ಕುಡಿದಿರಲಿಲ್ಲ’ ಎಂದರೆ ಯಾವ ಶಿಕ್ಷೆಯೂ ಇಲ್ಲ, ವ್ರತವೂ ಇಲ್ಲ.

ಸರಕಾರದ ಹೊಣೆಯನ್ನು ನೆನಪಿಸಬೇಕೆಂಬ ಸದುದ್ದೇಶವೇ ಇದ್ದರೆ ಅದಕ್ಕೂ ದಾರಿಯಿದೆ. ತಪ್ಪನ್ನು ತೋರಿಸಿ, ತಿದ್ದಿಸಿ, ಆಮೇಲೆ ಉತ್ತರ ಕೊಡಬಹುದು. ಹೀಗೆ ಮಾಡುವವರನ್ನು ಜನ ನಗುತ್ತಾರೆಂಬುದು ಬೇರೆ ಮಾತು. ವಕೀಲನಾದ ಶ್ರಾವಕನ ಧರ್ಮಸಂಕಟ ಇದಕ್ಕಿಂತ ಭಿನ್ನ. ಕಕ್ಷಿಗಾರನ ಪರವಾಗಿ ದೋಷವನ್ನು ಎತ್ತಿ ತೋರಿಸುವುದು ಆತನ ವೃತ್ತಿಯ ಕರ್ತವ್ಯ. ಸುಳ್ಳು ಹೇಳಲು ಕಲಿಸಿಕೊಟ್ಟರೆ ಮಾತ್ರ ಆತ ಮಿಥ್ಯೋಪದೇಶಕ್ಕೆ ಇಳಿದಂತೆ.

‘ದಂಡವೇಕೆ, ಮೂರು ಉಪವಾಸ ಮಾಡಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ; ಪ್ರಕರಣವನ್ನು ಮಾತ್ರ ಹೋರಾಡುತ್ತೇನೆ’ ಎಂಬ ವಾದವೂ ಕೇಳಿಬರುವಂಥದೇ. ಇದರಲ್ಲಿ ಎರಡು ಲೆಕ್ಕಗಳನ್ನು ಒಂದು ಮಾಡಿದ ದೋಷವಿದೆ. ಉಪವಾಸವು ರಸ್ತೆಯ ಮೇಲೆ ಅಪಾಯಕ್ಕೆ ಒಳಗಾದವರ ಋಣವನ್ನು ತೀರಿಸುವುದಿಲ್ಲ. ನ್ಯಾಯಾಲಯದಲ್ಲಿ ತೆತ್ತ ದಂಡವು ಮೂಲಗುಣದ ಭಂಗವನ್ನು ತೊಳೆಯುವುದಿಲ್ಲ. ಕಾಯಿದೆಯ ದೃಷ್ಟಿಯಲ್ಲಿ 29 ಮಿಲಿಗ್ರಾಮಿನವನು ಮುಕ್ತ, ಮೂಲಗುಣಕ್ಕೆ ಮಿಲಿಗ್ರಾಮುಗಳಿಲ್ಲ. ಇದಲ್ಲದೆ ಪ್ರಾಯಶ್ಚಿತ್ತವನ್ನು ತನಗೆ ತಾನೇ ವಿಧಿಸಿಕೊಳ್ಳುವುದು ಕ್ರಮವಲ್ಲ. ಅದರ ಭೇದಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ಗುರುಗಳೆದುರು ದೋಷವನ್ನು ಮುಚ್ಚದೆ ನಿವೇದಿಸುವುದು, ತಪಸ್ಸು ಆಮೇಲಿನದು. ಈ ಆಲೋಚನೆಗೂ ಹತ್ತು ದೋಷಗಳನ್ನು ಭಗವತೀ ಆರಾಧನೆಯಲ್ಲಿ ಎಣಿಸಿದ್ದಾರೆ. ಗುರುಗಳಲ್ಲಿ ಅನುಕಂಪ ಹುಟ್ಟಿಸಿ ಹಗುರಾದ ಪ್ರಾಯಶ್ಚಿತ್ತ ಪಡೆಯುವುದು ಒಂದು. ಪರರ ಕಣ್ಣಿಗೆ ಬಿದ್ದ ದೋಷವನ್ನಷ್ಟೇ ಹೇಳಿ, ಬೀಳದುದನ್ನು ಅಡಗಿಸುವುದು ಇನ್ನೊಂದು. ಪೊಲೀಸರು ಹಿಡಿದ ಒಂದು ರಾತ್ರಿಯನ್ನು ನಿವೇದಿಸಿ, ಹಿಡಿಯದ ಹತ್ತು ರಾತ್ರಿಗಳನ್ನು ನುಂಗಿಕೊಳ್ಳುವವನಿಗೆ ಈ ಎರಡನೆಯದು ಅಳತೆ ತೆಗೆದು ಹೊಲಿದ ಅಂಗಿಯಂತಿದೆ.

ಹಾಗಾದರೆ ಆ ಗೃಹಸ್ಥನು ಮಾಡತಕ್ಕುದೇನು? ಗೊತ್ತಾದ ದಿನ ನ್ಯಾಯಾಲಯಕ್ಕೆ ಹೋಗಲಿ. ಉಪಕರಣದ ಅಳತೆಯಲ್ಲಿ ನಿಜವಾದ ಸಂಶಯವಿದ್ದರೆ ಅದನ್ನು ನಿಸ್ಸಂಕೋಚವಾಗಿ ಎತ್ತಲಿ. ಕುಡಿದವನಿಗೂ ತಾನು ಕುಡಿದುದಕ್ಕಿಂತ ಹೆಚ್ಚಿನದನ್ನು ಹೊರಬೇಕೆಂಬ ವಿಧಿಯಿಲ್ಲ. ವಾಹನದ ಸಂಖ್ಯೆ ತಪ್ಪಾಗಿದ್ದರೆ ತನ್ನ ನೋಂದಣಿಪತ್ರವನ್ನು ಮುಂದಿಟ್ಟು, ಸರಿಯಾದ ಸಂಖ್ಯೆ ಇದು ಎನ್ನಲಿ. ದಂಡ ವಿಧಿಸಿದರೆ ತೆತ್ತು ರಸೀದಿ ಪಡೆಯಲಿ. ಮನೆಯವರಿಗೆ ಆ ರಸೀದಿಯನ್ನು ತೋರಿಸಲಿ, ಏಕೆಂದರೆ ಆತನು ತಡವಾಗಿ ಬರುವ ರಾತ್ರಿಗಳಲ್ಲಿ ಬಾಗಿಲ ಬಳಿ ಕುಳಿತಿದ್ದವರು ಅವರೇ. ಹತ್ತಿರದಲ್ಲಿ ಮುನಿಸಂಘದ ಚಾತುರ್ಮಾಸವಿದ್ದರೆ ಅಲ್ಲಿಗೆ ಹೋಗಿ ಎಲ್ಲ ರಾತ್ರಿಗಳನ್ನೂ ನಿವೇದಿಸಲಿ. ಎಷ್ಟು ಉಪವಾಸವೆಂಬುದನ್ನು ಗುರುಗಳು ಹೇಳುತ್ತಾರೆ. ಅಲ್ಲಿಯವರೆಗೆ ವಾಹನದ ಬೀಗದಕೈ ಮನೆಯಲ್ಲಿ ಬೇರೆಯವರ ಕೈಯಲ್ಲಿರಲಿ.