ನಕ್ಷೆಯಲ್ಲಿ ಉಳಿದ ಗುಡಿ

ಹವಾಯಿಯ ಹಳೆಯ ಜನ ಲಾವಾ ಕಲ್ಲುಗಳನ್ನು ಗಾರೆಯಿಲ್ಲದೆ ಪೇರಿಸಿ ಕಟ್ಟಿದ ಪೂಜಾಸ್ಥಳಗಳಿಗೆ ‘ಹೆಯಾವು’ ಎಂದು ಹೆಸರು. 1906ರಲ್ಲಿ ಬಿಷಪ್ ಮ್ಯೂಸಿಯಂನ ಜಾನ್ ಸ್ಟೋಕ್ಸ್ ಹವಾಯಿ ದ್ವೀಪದಲ್ಲಿ ಇವನ್ನು ಅಳೆದು ನಕ್ಷೆ ಬರೆಯತೊಡಗಿದರು. ಅವರ ಆ ಕೆಲಸ ಪುಸ್ತಕವಾಗಿ ಬಂದದ್ದು 1991ರಲ್ಲಿ!

ಅವರು ಅಳೆದ ಗುಡಿಗಳಲ್ಲಿ ವಹಾಉಲಾ ಒಂದು. 1997ರಲ್ಲಿ ಕಿಲವೇಯಾ ಜ್ವಾಲಾಮುಖಿಯ ಲಾವಾ ಅದನ್ನು ಮುಚ್ಚಿಬಿಟ್ಟಿತು. ಇದನ್ನು ಓದಿದಾಗ ‘ಸದ್ಯ, ನಕ್ಷೆಯಾದರೂ ಇದೆಯಲ್ಲ’ ಅಂದುಕೊಂಡೆ. ಆಮೇಲೆ ನಾಚಿಕೆಯಾಯಿತು. ಜ್ವಾಲಾಮುಖಿ ಅಲ್ಲಿನವರಿಗೆ ಪೆಲೆ ದೇವಿ. ಅವಳ ಕಲ್ಲನ್ನು ಅವಳೇ ಹಿಂದಕ್ಕೆ ತೆಗೆದುಕೊಂಡರೆ ಅದನ್ನು ನಾಶವೆನ್ನಲು ನಾನು ಯಾರು?

ಕಬ್ಬಿನ ತೋಟದವರು ಗದ್ದೆಗಾಗಿ ಕಿತ್ತ ಗುಡಿಗಳ ಮಾತು ಬೇರೆ. ಅದು ಅನ್ಯಾಯವೆನ್ನಲು ನನಗೆ ಅನುಮಾನವಿಲ್ಲ. ಕಷ್ಟವಾಗುವುದು 1819ರ ವಿಷಯ. ಆ ವರ್ಷ ಅರಸ ಲಿಹೊಲಿಹೊ ಹಳೆಯ ಧರ್ಮದ ಕಟ್ಟಳೆಗಳನ್ನು ತಾನೇ ಮುರಿದು, ಹೆಯಾವುಗಳನ್ನು ಕೆಡವಲು ಆಜ್ಞೆ ಮಾಡಿದ. ಕೆಲವು ಹೆಯಾವುಗಳಲ್ಲಿ ನರಬಲಿಯೂ ನಡೆಯುತ್ತಿತ್ತು. ಕೆಡವಿದವರು ಮನೆಯವರೇ. ಅವರಿಗೆ ಆ ಹಕ್ಕಿರಲಿಲ್ಲ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಇತ್ತು ಎನ್ನಲೂ ಮನಸ್ಸು ಬಾರದು, ಏಕೆಂದರೆ ಮುಂದೆ ಹುಟ್ಟಿದವರನ್ನು ಯಾರೂ ಕೇಳಿರಲಿಲ್ಲ.

ಪಟ್ಟಿಯಲ್ಲಿ ಮಾತ್ರ ಮೂರಕ್ಕೂ ಒಂದೇ ಪದ: ‘ಈಗಿಲ್ಲ’. ಗೋಡೆಯ ಉದ್ದದ ಪಕ್ಕದಲ್ಲಿ, ಕೆಡವಿದವರು ಯಾರು ಎಂಬ ಇನ್ನೊಂದು ಕಾಲಂ ಬೇಕಿತ್ತು.